ಒರಳುಕಲ್ಲಿನಂಥ ಎಂಜಿನ್ನು

2019ರ ಜೂನ್‌ನಲ್ಲಿ ನಾವು ಊರಿಗೆ ಬರಬೇಕಿತ್ತು. ಬರಲಿಲ್ಲ. ಟಿಕೆಟ್ ದರ ಜಾಸ್ತಿಯಾಗಿದೆ ಎಂದು ಮನೆಯವರಿಗೆ ಹೇಳಿದೆವು. ನಿಜ ಏನೆಂದರೆ, ಟಿಕೆಟ್ಟಿಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಓಡದ ಒಂದು ಕಾರು ಕೊಂಡುಬಿಟ್ಟಿದ್ದೆವು.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇವೆ. ನಾವು ಗಂಡ ಹೆಂಡತಿ. ಒಂದೇ ಬೆಂಚಿನಲ್ಲಿ ಅಲ್ಲದಿದ್ದರೂ ಒಂದೇ ತರಗತಿಯಲ್ಲಿ ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಬೋರ್‌ವೆಲ್ ಬಗ್ಗೆ, ಕೊಬ್ಬರಿ ಬೆಲೆ ಬಗ್ಗೆ ನಾಲ್ಕು ವರ್ಷ ಬರೆದೆವು. ಆಮೇಲೆ ಹೊಟ್ಟೆಪಾಡಿಗೆ ನ್ಯೂಜಿಲೆಂಡಿಗೆ ಬಂದೆವು. ಇಲ್ಲಿ ವೈಕಾಟೊ ಅನ್ನುವ ಸೀಮೆ ಇದೆ. ಕಣ್ಣು ಹಾಯುವ ತನಕ ಹುಲ್ಲು, ಹುಲ್ಲಿನ ತುಂಬ ಹಸು. ಹ್ಯಾಮಿಲ್ಟನ್ ಪಟ್ಟಣದಿಂದ ಅರ್ಧ ಗಂಟೆ ದೂರದ ಡೈರಿ ಫಾರಮ್ಮಿನಲ್ಲಿ ಹಾಲು ಕರೆಯುವುದು ನಮ್ಮ ಕೆಲಸ. ಕರೆಯುವುದು ಅಂದರೆ ಕೈಯಲ್ಲಲ್ಲ. ದುಂಡನೆಯ ದೊಡ್ಡ ಕಟ್ಟೆಯೊಂದು ನಿಧಾನಕ್ಕೆ ತಿರುಗುತ್ತಿರುತ್ತದೆ. ಹಸುಗಳು ಒಂದು ಕಡೆಯಿಂದ ತಾವಾಗಿಯೇ ಹತ್ತಿ ನಿಲ್ಲುತ್ತವೆ, ಒಂದು ಸುತ್ತು ಬರುವಷ್ಟರಲ್ಲಿ ಹಾಲು ಇಳಿದಿರುತ್ತದೆ, ಹಿಂದಕ್ಕೆ ಹೆಜ್ಜೆ ಇಟ್ಟು ಇಳಿದು ಹೋಗುತ್ತವೆ. ಇದಕ್ಕೆ ರೋಟರಿ ಶೆಡ್ ಅನ್ನುತ್ತಾರೆ. ಹಾಲಿನ ಕತೆ ಬರೆಯಿರಿ ಎಂದು ಗೆಳೆಯರು ಕೇಳುತ್ತಲೇ ಇದ್ದಾರೆ, ಅದು ಇನ್ನೊಮ್ಮೆ. ಇವತ್ತು ಇನ್ನೊಂದು ರೋಟರಿಯ ಕತೆ.

ಮಜ್ದಾ ಹೆಸರು ನಿಮಗೆ ಗೊತ್ತಿರುತ್ತದೆ. ಸ್ವರಾಜ್ ಮಜ್ದಾ ಮಿನಿ ಬಸ್ಸು, ಲಾರಿ ನೋಡದ ಊರು ಯಾವುದಿದೆ? ಅದೇ ಜಪಾನಿನ ಮಜ್ದಾ ಕಂಪನಿ ಆರ್‌ಎಕ್ಸ್-7 ಎಂಬ ಸ್ಪೋರ್ಟ್ಸ್ ಕಾರು ಮಾಡುತ್ತಿತ್ತು. 1978ರಿಂದ 2002ರ ತನಕ ಅದರ ಮೂರು ತಲೆಮಾರು ಬಂತು. ನಾವು ಕೊಂಡಿದ್ದು ನಡುವಿನ ತಲೆಮಾರಿನ 1988ರ ಕಾರು. ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಇಲ್ಲಿಗೆ ಬಂದದ್ದು. ಇಲ್ಲೂ ನಮ್ಮಂತೆಯೇ ಎಡಗಡೆ ಸಂಚಾರ, ಬಲಗಡೆ ಸ್ಟೀರಿಂಗು, ಹಾಗಾಗಿ ಜಪಾನಿನ ಹಳೇ ಕಾರುಗಳಿಗೆ ನ್ಯೂಜಿಲೆಂಡ್ ತವರುಮನೆ ಇದ್ದ ಹಾಗೆ. ಮಾರಿದಾತ ಪ್ರಾಮಾಣಿಕ ಮನುಷ್ಯ. ‘ಎಂಜಿನ್ ಸತ್ತಿದೆ, ಉಳಿದದ್ದೆಲ್ಲ ಚೆನ್ನಾಗಿದೆ’ ಅಂದ. ನಮ್ಮ ಲೆಕ್ಕ ಸರಳವಾಗಿತ್ತು. ಸತ್ತ ಎಂಜಿನ್ನಿನ ಕಾರಿಗೂ ಓಡುವ ಕಾರಿಗೂ ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸ. ನಾವೇ ರಿಪೇರಿ ಮಾಡಿ ಮಾರಿದರೆ ಮೂವರಿಗೂ ಟಿಕೆಟ್ಟು, ಮೇಲೆ ಒಂದು ತಿಂಗಳ ಸಂಬಳವಿಲ್ಲದ ರಜೆಗೆ ಆಗುವಷ್ಟು ದುಡ್ಡು. ಇಂಥ ಲೆಕ್ಕ ಹಾಕಿಯೇ ನಮ್ಮೂರಿನಲ್ಲಿ ಎಷ್ಟೋ ಜನ ಶುಂಠಿ ಹಾಕಿ ಕೈಸುಟ್ಟುಕೊಂಡದ್ದನ್ನು ನಾವೇ ವರದಿ ಮಾಡಿದ್ದೆವು. ಬೇರೆಯವರ ಲೆಕ್ಕ ತಪ್ಪಿದ್ದು ಬೇಗ ಕಾಣುತ್ತದೆ.

ಸಮಯ ಇದ್ದದ್ದು ಏಳು ವಾರ. ಇಲ್ಲಿ ಮೇ ಕೊನೆಗೆ ಹಸುಗಳೆಲ್ಲ ಬತ್ತುತ್ತವೆ, ಜುಲೈ ನಡುವಿಗೆ ಕರು ಹಾಕಲು ಶುರು ಮಾಡುತ್ತವೆ. ಚಳಿಗಾಲದ ಆ ಬಿಡುವಿನಲ್ಲೇ ಊರಿಗೆ ಬರಬೇಕು, ಇಲ್ಲವಾದರೆ ಮುಂದಿನ ವರ್ಷ. ಆ ಏಳು ವಾರವನ್ನು ನಾವು ಗ್ಯಾರೇಜಿಗೆ ಕೊಟ್ಟೆವು.

ಈಗ ಅಪ್ಪನ ವಿಷಯ. ನಮ್ಮಲ್ಲಿ ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಮಾವ. ಇಬ್ಬರೂ ಕೂತು ಬರೆಯುತ್ತಿರುವುದರಿಂದ ಸುಮ್ಮನೆ ಅಪ್ಪ ಅಂತಲೇ ಬರೆಯುತ್ತೇವೆ. ಅರಸೀಕೆರೆ ಕಡೆ ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಮೊದಲು ಐದು ಎಚ್‌ಪಿ ಡೀಸೆಲ್ ಎಂಜಿನ್ನು, ಕರೆಂಟು ಬಂದ ಮೇಲೆ ಮೋಟಾರು. ಮಕ್ಕಳನ್ನು ಮಾತ್ರ ಶೆಡ್ಡಿನೊಳಕ್ಕೆ ಬಿಡುತ್ತಿರಲಿಲ್ಲ. ಸ್ಪ್ಯಾನರ್ ಮುಟ್ಟಿದರೆ ‘ಪುಸ್ತಕ ಮುಟ್ಟು ಹೋಗು’ ಎಂದು ಅಟ್ಟುತ್ತಿದ್ದರು. ಹಾಗಾಗಿ ಮೆಕ್ಯಾನಿಕ್ಕಿನ ಮನೆಯಲ್ಲಿ ಹುಟ್ಟಿಯೂ ನಮಗೆ ನೆಟ್ಟು ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಅನ್ನುವುದರ ಆಚೆ ಏನೂ ಗೊತ್ತಿರಲಿಲ್ಲ.

ವೀಡಿಯೋ ಕಾಲಿನಲ್ಲಿ ಅವರಿಗೆ ಕಾರು ತೋರಿಸಿದೆವು. ಯಾರದ್ದು ಅಂದರು. ಪಕ್ಕದ ಫಾರಮ್ಮಿನವರದ್ದು, ನಾವು ಸಹಾಯಕ್ಕೆ ಹೋಗುತ್ತೇವೆ ಅಂದೆವು. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು.

‘ಎಷ್ಟು ಪಿಸ್ಟನ್ನು?’

‘ಪಿಸ್ಟನ್ ಇಲ್ಲಪ್ಪ.’

‘ವಾಲು?’

‘ವಾಲೂ ಇಲ್ಲ.’

‘ಕನೆಕ್ಟಿಂಗ್ ರಾಡು?’

‘ಅದೂ ಇಲ್ಲ.’

ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರಂತೆ.

ತಮಾಷೆಯಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಅಡುಗೆಮನೆಗೆ ಬನ್ನಿ. ಒರಳಿನಲ್ಲಿ ದೋಸೆಹಿಟ್ಟು ರುಬ್ಬುವುದನ್ನು ನೋಡಿದ್ದೀರಲ್ಲ? ಗುಂಡುಕಲ್ಲು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ತನ್ನ ಸುತ್ತ ತಾನು ತಿರುಗುತ್ತದೆ, ಜೊತೆಗೆ ಒರಳಿನ ಗೋಡೆಗೆ ಒರಗಿಕೊಂಡು ಗುಳಿಯ ಸುತ್ತಲೂ ಸುತ್ತುತ್ತದೆ. ಈಗ ಆ ಗುಳಿ ಗುಂಡಗಿಲ್ಲ, ಎರಡು ಬೀಜದ ಕಡಲೆಕಾಯಿಯ ಆಕಾರದಲ್ಲಿದೆ ಅಂದುಕೊಳ್ಳಿ. ಗುಂಡುಕಲ್ಲು ಹೊಟ್ಟೆ ಉಬ್ಬಿದ ತ್ರಿಕೋನ ಅಂದುಕೊಳ್ಳಿ. ಆ ತ್ರಿಕೋನದ ಮೂರು ಮೂಲೆಗಳೂ ಎಷ್ಟೇ ತಿರುಗಿದರೂ ಗೋಡೆ ಬಿಡುವುದಿಲ್ಲ. ಕಲ್ಲಿಗೂ ಗೋಡೆಗೂ ನಡುವೆ ಮೂರು ಜಾಗ ಉಳಿಯುತ್ತವೆ. ತಿರುಗುತ್ತಾ ಹೋದಂತೆ ಪ್ರತಿ ಜಾಗವೂ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಹಿಗ್ಗುವಾಗ ಪೆಟ್ರೋಲು ಗಾಳಿ ಒಳಗೆ, ಕುಗ್ಗಿದಾಗ ಒತ್ತಡ, ಆಗ ಕಿಡಿ, ಮತ್ತೆ ಹಿಗ್ಗುವುದೇ ಶಕ್ತಿ, ಮತ್ತೆ ಕುಗ್ಗಿದಾಗ ಹೊಗೆ ಹೊರಗೆ. ಗೋಡೆಯಲ್ಲೇ ಕಿಂಡಿಗಳಿವೆ, ಕಲ್ಲೇ ಅವನ್ನು ಮುಚ್ಚಿ ತೆರೆಯುತ್ತದೆ. ಅದಕ್ಕೇ ವಾಲು ಬೇಡ.

ನಮ್ಮ ಎಂಜಿನ್ನಿನಲ್ಲಿ ಇಂಥ ಎರಡು ತ್ರಿಕೋನ ಇದ್ದವು. ಒಂದೊಂದು ನಾಲ್ಕೂವರೆ ಕಿಲೋ ಆಸುಪಾಸು. ಎರಡೂ ಸೇರಿ 1308 ಸಿಸಿ. ತ್ರಿಕೋನ ಒಂದು ಸುತ್ತು ತಿರುಗುವಷ್ಟರಲ್ಲಿ ನಡುವಿನ ಶಾಫ್ಟು ಮೂರು ಸುತ್ತು ತಿರುಗಿರುತ್ತದೆ. ಇದನ್ನು 13ಬಿ ಎಂಜಿನ್ ಅನ್ನುತ್ತಾರೆ.

ಮರುದಿನ ಅಪ್ಪನೇ ಫೋನ್ ಮಾಡಿದರು. ರಾತ್ರಿಯೆಲ್ಲ ಯೋಚನೆ ಮಾಡಿರಬೇಕು. ಮೊಮ್ಮಗಳು ಕಾಗದ ಕತ್ತರಿಸಿ ಮಾಡಿದ್ದ ತ್ರಿಕೋನ ತಿರುಗಿಸಿ ತೋರಿಸಿದಳು. ಐದು ವರ್ಷದ ಹುಡುಗಿ. ಅಪ್ಪ ನೋಡಿದರು, ಇನ್ನೊಮ್ಮೆ ತಿರುಗಿಸು ಅಂದರು, ಮತ್ತೊಮ್ಮೆ ಅಂದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ: ‘ಆ ಮೂಲೇಲಿ ಗಾಳಿ ಸೋರಲ್ವಾ?’

ಈ ಎಂಜಿನ್ನಿನ ಇಡೀ ಚರಿತ್ರೆ ಆ ಒಂದು ಪ್ರಶ್ನೆಯಲ್ಲಿದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಇದರ ಕಲ್ಪನೆ ಮಾಡಿದವರು. ಎನ್‌ಎಸ್‌ಯು ಎಂಬ ಅಲ್ಲಿನ ಕಂಪನಿ ಅದನ್ನು ಮೊದಲು ಕಾರಿಗೆ ಹಾಕಿತು. ಹಿರೋಷಿಮಾದ ಮಜ್ದಾ ಕಂಪನಿ ಹಕ್ಕು ಕೊಂಡು ತಂದು ಪರೀಕ್ಷೆ ಮಾಡಿದಾಗ, ಮೂಲೆಯ ಸೀಲುಗಳು ಒಳಗೋಡೆಯನ್ನು ಸಾಲುಸಾಲಾಗಿ ಪರಚಿ ಹಾಕಿದವು. ಜಪಾನಿನವರು ಆ ಗುರುತಿಗೆ ದೆವ್ವದ ಉಗುರಿನ ಗೆರೆ ಎಂದು ಹೆಸರಿಟ್ಟರು. ಕೆನಿಚಿ ಯಮಮೊಟೊ ಎಂಬ ಎಂಜಿನಿಯರ್ ಮತ್ತು ಅವರ ತಂಡ, ಒಟ್ಟು 47 ಜನ, ವರ್ಷಗಟ್ಟಲೆ ಆ ಗೆರೆಯ ಹಿಂದೆ ಬಿದ್ದರು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರು ರಸ್ತೆಗೆ ಬಂತು. 1991ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ 24 ಗಂಟೆಯ ರೇಸನ್ನು ನಾಲ್ಕು ರೋಟರಿನ ಮಜ್ದಾ ಗೆದ್ದಿತು. ಇಷ್ಟಾದರೂ ಮೂಲೆ ಸೋರುವ ಕಾಯಿಲೆ ಪೂರ್ತಿ ವಾಸಿಯಾಗಲಿಲ್ಲ. ಅಪ್ಪ ಓದಿದ್ದು ಏಳನೇ ತರಗತಿ.

ನಮ್ಮ ಎಂಜಿನ್ನಿನ ಕಾಯಿಲೆಯನ್ನೂ ಹಿಡಿದದ್ದು ಅವರೇ. ಹ್ಯಾಮಿಲ್ಟನ್‌ನ ಒಬ್ಬ ಹಳೇ ಮೆಕ್ಯಾನಿಕ್ ರೋಟರಿಗೆಂದೇ ಮಾಡಿದ ಕಂಪ್ರೆಷನ್ ಮೀಟರ್ ಎರವಲು ಕೊಟ್ಟಿದ್ದರು. ಪ್ರತಿ ರೋಟರಿಗೂ ಮೂರು ಮುಖ, ಹಾಗಾಗಿ ಮೂರು ಅಂಕಿ ಬರುತ್ತವೆ. ಒಳ್ಳೆ ಎಂಜಿನ್ನಿಗೆ ಎಂಟೂವರೆ ಕೆ.ಜಿ. ಒತ್ತಡ ಇರಬೇಕು, ಆರಕ್ಕಿಂತ ಕಡಿಮೆಯಾದರೆ ಬಿಚ್ಚಬೇಕು. ಮುಂದಿನ ರೋಟರಿನ ಮೂರೂ ಆರಕ್ಕಿಂತ ಮೇಲಿದ್ದವು. ಹಿಂದಿನದರಲ್ಲಿ ಒಂದು ಆರೂವರೆ, ಇನ್ನೆರಡು ಮೂರು, ಮೂರು. ಅಂಕಿಗಳನ್ನು ಓದಿ ಹೇಳಿದೆವು.

‘ಎರಡು ಮಾತ್ರ ಕಮ್ಮಿ ಅಲ್ವಾ? ಹಂಗಾದ್ರೆ ಒಂದೇ ಮೂಲೆ ಹೋಗಿರೋದು. ಎರಡು ಗದ್ದೆ ಮಧ್ಯದ ಬದು ಒಡೆದ್ರೆ ಎರಡೂ ಗದ್ದೆ ನೀರು ನಿಲ್ಲಲ್ಲ. ಮೂರನೇ ಗದ್ದೆ ನೆಟ್ಟಗಿರುತ್ತೆ.’

ಕಂಪನಿಯ ವರ್ಕ್‌ಶಾಪ್ ಪುಸ್ತಕವನ್ನು ನಾವು ಎರಡು ವಾರದಿಂದ ಓದುತ್ತಿದ್ದೆವು. ನಮಗೆ ಹೊಳೆದಿರಲಿಲ್ಲ.

ಎಂಜಿನ್ ಕೆಳಗಿಳಿಸಿದ್ದು, ಅದಕ್ಕೆ ಅಂಟಿಕೊಂಡ ಟರ್ಬೊ, ಪೈಪು, ವಯರು ಎಲ್ಲ ಕಳಚಿದ್ದು ಬರೆಯುತ್ತಾ ಕೂತರೆ ನಿಮಗೆ ಬೇಸರ ಬರುತ್ತದೆ. ಫ್ಲೈವೀಲಿನ ನೆಟ್ಟು ಒಂದನ್ನು ಹೇಳಬೇಕು. 54 ಮಿ.ಮೀ. ಅಗಲದ ಒಂದೇ ನೆಟ್ಟು. ಅದನ್ನು ಬಿಗಿಯುವಾಗ, ಒಂದು ಮೀಟರ್ ಉದ್ದದ ಪೈಪಿನ ತುದಿಗೆ 40 ಕಿಲೋ ಮೂಟೆ ನೇತುಹಾಕಿದರೆ ಎಷ್ಟು ಬಲವೋ ಅಷ್ಟು ಕೊಟ್ಟಿರುತ್ತಾರೆ, ಅಂಟನ್ನೂ ಹಾಕಿರುತ್ತಾರೆ. ಮೂವತ್ತೊಂದು ವರ್ಷ ಹಾಗೇ ಕೂತಿದೆ. ಫಾರಮ್ಮಿನ ನೀರಿನ ಪೈಪು ಸಿಕ್ಕಿಸಿ ಒಬ್ಬರು ಜೋತುಬಿದ್ದೆವು, ಇಬ್ಬರೂ ಜೋತುಬಿದ್ದೆವು. ಎಂಜಿನ್ ಸ್ಟ್ಯಾಂಡ್ ಸಮೇತ ತಿರುಗಿತೇ ಹೊರತು ನೆಟ್ಟು ತಿರುಗಲಿಲ್ಲ. ‘ಬಿಸಿ ಮಾಡ್ರೋ, ಹಠ ಮಾಡಬ್ಯಾಡ್ರಿ’ ಅಂದರು ಅಪ್ಪ. ಬಿಸಿ ಮಾಡಿದ ಮೇಲೆ ಪಿಸ್ತೂಲಿನ ಸದ್ದು ಮಾಡಿ ಬಿಟ್ಟುಕೊಟ್ಟಿತು.

ಒಳಗೆ ನೋಡಿದರೆ ಆಶ್ಚರ್ಯ. ಇಷ್ಟೇನಾ ಅನ್ನಿಸುತ್ತದೆ. ಇಡ್ಲಿ ಸ್ಟ್ಯಾಂಡಿನಲ್ಲಿ ತಟ್ಟೆಯ ಮೇಲೆ ತಟ್ಟೆ ಇಟ್ಟು ನಡುವೆ ಕಂಬಿ ಹಾಕುತ್ತೇವಲ್ಲ, ಹಾಗೇ ಐದು ದಪ್ಪ ತಟ್ಟೆಗಳು. ಮೂರು ಎರಕದ ಕಬ್ಬಿಣದವು, ಅವುಗಳ ನಡುವೆ ಎರಡು ಅಲ್ಯೂಮಿನಿಯಂ ಕಡಲೆಕಾಯಿಗಳು. ಉದ್ದುದ್ದ ಬೋಲ್ಟುಗಳು ಈ ತುದಿಯಿಂದ ಆ ತುದಿಗೆ ಹಾದು ಎಲ್ಲವನ್ನೂ ಬಿಗಿದಿರುತ್ತವೆ. ಹಿಂದಿನ ರೋಟರಿನ ಒಂದು ಮೂಲೆಯ ಸೀಲು ತುದಿಯಲ್ಲಿ ಚಕ್ಕೆ ಎದ್ದಿತ್ತು. ಎರಡು ಮಿ.ಮೀ. ದಪ್ಪದ, ಬೆರಳುದ್ದದ ಒಂದು ಪಟ್ಟಿ. ಹೊಸದರ ಎತ್ತರ ಎಂಟು ಮಿ.ಮೀ. ಆ ಪಟ್ಟಿಯ ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಚಕ್ಕೆ ಹೋದದ್ದಕ್ಕೆ ಇಡೀ ಕಾರು ಗ್ಯಾರೇಜು ಸೇರಿತ್ತು. ಆ ಚಕ್ಕೆ ಹೊರಗೆ ಹೋಗುವ ಮೊದಲು ಒಳಗೋಡೆಯ ಕ್ರೋಮಿಯಂ ಹೊಳಪನ್ನೂ ಕೆರೆದಿತ್ತು. ಒಂದು ಕಡಲೆಕಾಯಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಕಾಯಿತು. ಲೆಕ್ಕದ ಮೊದಲ ತೂತು ಅದು.

ಆಮೇಲಿನ ಮೂರು ವಾರ ತೊಳೆದದ್ದೇ ತೊಳೆದದ್ದು. ಎಂಜಿನ್ ಕಟ್ಟುವುದು ಅಂದರೆ ಜೋಡಿಸುವುದು ಅಂತ ನಾವು ತಿಳಿದಿದ್ದೆವು. ಅಲ್ಲ, ಮಸಿ ಕೆರೆಯುವುದು. ರೋಟರಿನ ಮುಖದ ಮೇಲೆ ಮೂವತ್ತು ವರ್ಷದ ಕರಿ, ಹಳೇ ಒಲೆಯ ಪಾತ್ರೆಯ ತಳದಂತೆ. ಸೀಲು ಕೂರುವ ಕೊರಕಲುಗಳಲ್ಲಿ ಗಟ್ಟಿಯಾದ ಇಂಗಾಲ. ಹಲ್ಲುಜ್ಜುವ ಬ್ರಷ್ಷು, ಮರದ ಕಡ್ಡಿ, ಡಬ್ಬಗಟ್ಟಲೆ ಕ್ಲೀನರು. ಉಗುರಿನ ಸಂದಿಯ ಕಪ್ಪು ಹಸು ಕರು ಹಾಕುವ ಕಾಲಕ್ಕೂ ಹೋಗಿರಲಿಲ್ಲ. ಮೂಲೆಯ ಸೀಲು ಆರು, ಕಾರ್ನರ್ ಸೀಲು ಹನ್ನೆರಡು, ಸೈಡ್ ಸೀಲು ಹನ್ನೆರಡು, ಎಲ್ಲಕ್ಕೂ ಪುಟ್ಟ ಪುಟ್ಟ ಸ್ಪ್ರಿಂಗು. ಯಾವುದು ಎಲ್ಲಿಯದೋ ಅಲ್ಲಿಗೇ ಹೋಗಬೇಕು, ಅದಲುಬದಲಾಗಬಾರದು. ಇಡ್ಲಿ ತಟ್ಟೆಗಳಿಗೆ ಚೀಟಿ ಅಂಟಿಸಿ ಒಂದೊಂದು ಗುಳಿಯಲ್ಲಿ ಇಟ್ಟೆವು. ಮಗಳು ಅಂಕಿ ಬರೆಯಲು ಕಲಿತದ್ದು ಆ ಚೀಟಿಗಳ ಮೇಲೆ. ಇಡ್ಲಿ ತಟ್ಟೆ ಮತ್ತೆ ಅಡುಗೆಮನೆಗೆ ಬರಲಿಲ್ಲ ಅನ್ನುವುದನ್ನು ನಮ್ಮಲ್ಲೊಬ್ಬರು ಇವತ್ತಿಗೂ ಎತ್ತಿ ಆಡುತ್ತಾರೆ.

ಸೈಡ್ ಸೀಲು ನಮ್ಮನ್ನು ಅಳಿಸಿತು. ಬಿಲ್ಲಿನಂತೆ ಬಾಗಿದ ತೆಳ್ಳನೆ ತಂತಿ. ಹೊಸದು ಬೇಕಂತಲೇ ಸ್ವಲ್ಪ ಉದ್ದ ಬರುತ್ತದೆ. ಅರ ಹಾಕಿ ತುದಿ ಸವೆಸಿ, ಎರಡು ಕಾರ್ನರ್ ಸೀಲುಗಳ ನಡುವೆ ಕೂರಿಸಬೇಕು. ಸಂದು 0.05 ಮಿ.ಮೀ. ಇರಬೇಕು. ಅಂದರೆ ತಲೆಕೂದಲ ದಪ್ಪ. ಬಿಗಿಯಾದರೆ ಬಿಸಿಗೆ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಗಾಳಿ ಸೋರುತ್ತದೆ. ಹನ್ನೆರಡರಲ್ಲಿ ಎರಡನ್ನು ಜಾಸ್ತಿ ಉಜ್ಜಿ ಹಾಳು ಮಾಡಿದೆವು. ಉಜ್ಜಿದ್ದನ್ನು ಮತ್ತೆ ಬೆಳೆಸಲು ಬರುವುದಿಲ್ಲ. ಆಗ ಅಪ್ಪ ಒಂದು ಉಪಾಯ ಹೇಳಿದರು. ಅರವನ್ನು ಸೀಲಿನ ಮೇಲೆ ಆಡಿಸಬೇಡಿ, ಅರವನ್ನು ಮೇಜಿಗೆ ಕಟ್ಟಿ ಸೀಲನ್ನು ಅದರ ಮೇಲೆ ಆಡಿಸಿ, ಎರಡು ಎಳೆತ ಆದ ಕೂಡಲೇ ಅಳೆಯಿರಿ. ಆಮೇಲೆ ಒಂದೂ ಹಾಳಾಗಲಿಲ್ಲ.

ಜೋಡಿಸುವಾಗ ಸ್ಪ್ರಿಂಗು, ಸೀಲು ಜಾರಿ ಬೀಳದಿರಲು ಏನು ಹಚ್ಚುತ್ತಾರೆ ಗೊತ್ತೆ? ವ್ಯಾಸಲೀನ್. ನಾವೇ ಕಂಡುಕೊಂಡ ಬುದ್ಧಿವಂತಿಕೆಯಲ್ಲ, ರೋಟರಿ ಕಟ್ಟುವವರೆಲ್ಲ ಮಾಡುವುದೇ ಅದು. ಚಳಿಗೆ ಒಡೆದ ಹಿಮ್ಮಡಿಗೆಂದು ಊರಿನಿಂದ ತಂದಿದ್ದ ದೊಡ್ಡ ಡಬ್ಬಿ ಪೂರ್ತಿ ಎಂಜಿನ್ನಿನ ಹೊಟ್ಟೆ ಸೇರಿತು. ಮೂಲೆಯ ಸೀಲಿನ ತುದಿಯ ಪುಟ್ಟ ತ್ರಿಕೋನದ ತುಣುಕಿಗೆ ಸೂಪರ್ ಗ್ಲೂ ಒಂದು ಹನಿ. ಎಂಜಿನ್ ಬಿಸಿಯಾದಾಗ ಎರಡೂ ಸುಟ್ಟು ಹೋಗುತ್ತವೆ.

ಜುಲೈ ಮೊದಲ ವಾರ ಐದೂ ತಟ್ಟೆ ಕೂತವು, ಬೋಲ್ಟು ಬಿಗಿದೆವು. ಅವತ್ತು ಶನಿವಾರ. ಮುಂದಿನ ವಾರದಿಂದ ಕರುಗಳು ಬರಬಹುದು ಎಂದು ಫಾರಮ್ಮಿನ ಯಜಮಾನರು ಹೇಳಿದ್ದರು. ಇನ್ನೊಂದೇ ಒಂದು ಕೆಲಸ, ಶಾಫ್ಟಿನ ಮುಂದುಗಡೆ ಥ್ರಸ್ಟ್ ಬೇರಿಂಗು. ಸೂಜಿಯಂಥ ರೋಲರುಗಳಿರುವ ಚಪ್ಪಟೆ ಬಳೆಗಳು, ನಡುವೆ ಒಂದು ಸ್ಪೇಸರು. ಶಾಫ್ಟು ಹಿಂದೆ ಮುಂದೆ ಎಷ್ಟು ಆಡಬೇಕು ಅನ್ನುವುದನ್ನು ಅವು ತೀರ್ಮಾನಿಸುತ್ತವೆ. 0.04ರಿಂದ 0.07 ಮಿ.ಮೀ., ಅಷ್ಟೇ. ಅದನ್ನು ಕೂರಿಸುವಾಗ ಶಾಫ್ಟು ಒಂದು ಚೂರೂ ಕೆಳಗೆ ಜಾರಬಾರದು, ಜಾರಿದರೆ ಒಳಗಿನ ಬಳೆ ತನ್ನ ಜಾಗದಿಂದ ಬೀಳುತ್ತದೆ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಪುಸ್ತಕದಲ್ಲೂ ಇದೆ. ‘ಬಿಗಿಯೋಕೆ ಮುಂಚೆ ನಂಗೆ ಫೋನ್ ಮಾಡಿ, ಆಟ ಎಷ್ಟಿದೆ ಅಳೆದು ಹೇಳಿ’ ಎಂದು ಅಪ್ಪನೂ ಹೇಳಿದ್ದರು.

ಫೋನ್ ಮಾಡಲಿಲ್ಲ. ಇಲ್ಲಿ ರಾತ್ರಿ ಒಂದು ಗಂಟೆ ಆಗಿತ್ತು. ಅಲ್ಲಿ ಸಂಜೆ ಆರೂವರೆ, ಅಪ್ಪ ಎದ್ದೇ ಇರುತ್ತಿದ್ದರು. ಆದರೂ ಮಾಡಲಿಲ್ಲ. ಮುಗಿಸಿಬಿಡೋಣ ಅನ್ನಿಸಿತ್ತು. ಯಾರ ಕೈ ಅಲುಗಿತು ಎಂದು ಇಬ್ಬರಿಗೂ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ಶಾಫ್ಟು ಅಕ್ಕಿಕಾಳಿನಷ್ಟು ಜಾರಿರಬೇಕು. ನಾವು ನೋಡದೆ ಬೋಲ್ಟು ಬಿಗಿದೆವು. ಬೆಳಿಗ್ಗೆ ಡಯಲ್ ಗೇಜು ಇಟ್ಟು ಅಳೆದರೆ ಮುಳ್ಳು ಅಲುಗಲೇ ಇಲ್ಲ. ಶಾಫ್ಟು ತಿರುಗಿಸಿದರೆ ಕಬ್ಬಿನ ಗಾಣದಂತೆ ಭಾರ. ಮುಂದಿನ ಮುಚ್ಚಳ ತೆಗೆದು ನೋಡಿದಾಗ ಬಳೆ ಅಂಚಿಗೆ ಸಿಕ್ಕಿ ಬಾಗಿತ್ತು, ಸೂಜಿಗಳು ಉದುರಿದ್ದವು. ಪೂರ್ತಿ ಎಂಜಿನ್ ಬಿಚ್ಚಬೇಕಾಗಲಿಲ್ಲ, ಅದೇ ಪುಣ್ಯ. ಆದರೆ ಹೊಸ ಬೇರಿಂಗಿಗೆ, ಸ್ಪೇಸರಿಗೆ ದುಡ್ಡು ಇರಲಿಲ್ಲ. ಆ ತಿಂಗಳ ಸಂಬಳ ಸೀಲಿಗೆ ಹೋಗಿತ್ತು.

ಅವತ್ತು ಅಪ್ಪನಿಗೆ ಎಲ್ಲ ಹೇಳಿದೆವು. ಬೇರಿಂಗಿನದ್ದು ಹೇಳಿದ ಮೇಲೆ ಕಾರಿನದ್ದೂ ಹೇಳಿದೆವು. ಇದು ಪಕ್ಕದವರ ಕಾರಲ್ಲ, ನಮ್ಮದು. ಟಿಕೆಟ್ ದರ ಜಾಸ್ತಿಯಾಗಿರಲಿಲ್ಲ. ಈ ಎಂಜಿನ್ನಿಗಾಗಿ ನಾವು ಬರಲಿಲ್ಲ.

ಫೋನಿನಲ್ಲಿ ಅಪ್ಪನ ಮುಖ ಅಲುಗಲಿಲ್ಲ, ನೆಟ್‌ವರ್ಕ್ ನಿಂತಿದೆಯೇನೋ ಅಂದುಕೊಂಡೆವು. ಹಿಂದೆ ಕೋಳಿ ಓಡಾಡುತ್ತಿದ್ದದ್ದು ಕಾಣಿಸಿತು. ನೆಟ್‌ವರ್ಕ್ ಇತ್ತು.

‘ಗೊತ್ತಿತ್ತು’ ಅಂದರು. ‘ಬ್ಯಾರೆಯವರ ಗಾಡಿಗೆ ಯಾರೂ ರಾತ್ರಿ ಒಂದು ಗಂಟೆ ತನಕ ಕೂರಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ಬೇರಿಂಗು ಎಷ್ಟಾಗುತ್ತೆ?’

ಹೇಳಿದೆವು. ಊರಿನ ಲೆಕ್ಕದಲ್ಲಿ ಅದು ಹತ್ತು ತೆಂಗಿನ ಮರದ ವರ್ಷದ ಹುಟ್ಟುವಳಿ. ಅವರು ಮತ್ತೇನೂ ಅನ್ನದೆ ಫೋನನ್ನು ಅಮ್ಮನಿಗೆ ಕೊಟ್ಟರು. ಅಮ್ಮ ಅವತ್ತು ನಮ್ಮ ಹತ್ತಿರ ಮಾತಾಡಲಿಲ್ಲ, ಮೊಮ್ಮಗಳ ಹತ್ತಿರ ಮಾತ್ರ ಮಾತಾಡಿದರು.

ಬೇರಿಂಗಿಗೆ ದುಡ್ಡು ಹೊಂದಿಸಿದ್ದು ಫಾರಮ್ಮಿನ ಯಜಮಾನರ ಹತ್ತಿರ ಮುಂಗಡ ಪಡೆದು. ಈ ಸಲ ಅಪ್ಪ ಫೋನಿನಲ್ಲಿ ಇದ್ದರು. ಮಗಳು ಫೋನ್ ಹಿಡಿದು ನಿಂತಿದ್ದಳು. ಅವರು ‘ನಿಲ್ಲಿ’ ಅಂದಾಗ ನಿಂತೆವು, ‘ಅಳೀರಿ’ ಅಂದಾಗ ಅಳೆದೆವು. 0.05 ಬಂತು. ‘ಇನ್ನೊಂದ್ಸಲ’ ಅಂದರು. 0.05.

ಜುಲೈ 14ರ ರಾತ್ರಿ ಎಂಜಿನ್ ಕಾರಿನೊಳಗೆ ಕೂತಿತ್ತು. ಪ್ಲಗ್ ತೆಗೆದು, ಪೆಟ್ರೋಲ್ ಪಂಪಿನ ವಯರು ಕಳಚಿ, ಆಯಿಲ್ ಒತ್ತಡ ಬರುವ ತನಕ ಸುಮ್ಮನೆ ತಿರುಗಿಸಿದೆವು. ಆಮೇಲೆ ಪ್ಲಗ್ ಹಾಕಿ ಕೀಲಿ ತಿರುಗಿಸಿದೆವು. ತಿರುಗಿತು, ಹತ್ತಲಿಲ್ಲ. ಹತ್ತು ಸಲ, ಇಪ್ಪತ್ತು ಸಲ. ಗ್ಯಾರೇಜಿನ ತುಂಬ ಪೆಟ್ರೋಲ್ ವಾಸನೆ. ಪ್ಲಗ್ಗುಗಳು ತೊಯ್ದು ತೊಪ್ಪೆ. ರೋಟರಿಗೆ ಇದು ಹುಟ್ಟುಗುಣ. ಪೆಟ್ರೋಲು ಜಾಸ್ತಿಯಾದರೆ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ, ಎಣ್ಣೆ ಇಲ್ಲದೆ ಸೀಲು ಗಾಳಿ ಹಿಡಿಯುವುದಿಲ್ಲ, ಗಾಳಿ ಹಿಡಿಯದೆ ಎಂಜಿನ್ ಹತ್ತುವುದಿಲ್ಲ. ಬ್ಯಾಟರಿ ಇಳಿಯುತ್ತಾ ಬಂತು. ನಾವು ನೆಲದ ಮೇಲೆ ಕೂತುಬಿಟ್ಟೆವು.

‘ಪ್ಲಗ್ ತೂತಿಗೆ ಒಂದೊಂದು ಚಮಚ ಎಣ್ಣೆ ಬಿಡ್ರೋ’ ಅಂದಿತು ಫೋನು.

ಊರಿನಲ್ಲಿ ಡೀಸೆಲ್ ಪಂಪ್‌ಸೆಟ್ ಇದ್ದವರಿಗೆ ಗೊತ್ತಿರುತ್ತದೆ. ರಿಂಗು ಸವೆದ ಎಂಜಿನ್ ಬೆಳಗಿನ ಚಳಿಗೆ ಹತ್ತದಿದ್ದರೆ ಒಂದಿಷ್ಟು ಎಣ್ಣೆ ಒಳಗೆ ಬಿಟ್ಟು ಹ್ಯಾಂಡಲ್ ಹೊಡೆಯುತ್ತಾರೆ. ಎಣ್ಣೆ ಸಂದು ಮುಚ್ಚಿ ಒತ್ತಡ ಕಟ್ಟುತ್ತದೆ. ರೋಟರಿ ಕಟ್ಟುವವರೂ ಇದನ್ನೇ ಮಾಡುತ್ತಾರೆ ಎಂದು ನಾವು ಆಮೇಲೆ ಓದಿದೆವು. ಅಪ್ಪ ಓದಿರಲಿಲ್ಲ.

ಬ್ಯಾಟರಿಗೆ ಟ್ರ್ಯಾಕ್ಟರಿನಿಂದ ವಯರು ಕೊಟ್ಟು ತಿರುಗಿಸಿದೆವು. ಒಂದು ಸಲ ಕೆಮ್ಮಿತು. ಎರಡು ಸಲ ಕೆಮ್ಮಿತು. ಹತ್ತಿಕೊಂಡಿತು. ವ್ಯಾಸಲೀನು, ಎಣ್ಣೆ, ಅಂಟು ಎಲ್ಲ ಉರಿದು ಬಂದ ಬಿಳಿ ಹೊಗೆಗೆ ನಾವು ಒಬ್ಬರಿಗೊಬ್ಬರು ಕಾಣಿಸಲಿಲ್ಲ. ಮಗಳು ಕೆಮ್ಮುತ್ತಾ ಹೊರಗೆ ಓಡಿದಳು, ಫೋನ್ ಸಮೇತ. ಅಪ್ಪನಿಗೆ ಕಂಡದ್ದು ಕತ್ತಲು ಮಾತ್ರ, ಕೇಳಿದ್ದು ಸದ್ದು. ‘ಹತ್ತಿರ ಹಿಡಿಯೇ’ ಎಂದು ಅವಳಿಗೆ ಹೇಳುತ್ತಿದ್ದರು. ಸೈಲೆನ್ಸರ್ ಹತ್ತಿರ ಹಿಡಿದು ತುಂಬ ಹೊತ್ತು ನಿಂತಳು.

‘ಬ್ರಪ್ ಬ್ರಪ್ ಅಂತದಲ್ಲೋ’ ಅಂದರು. ‘ಉಸಿರು ಒಂದೇ ಸಮ ಇಲ್ಲ. ಓಡ್ತಾ ಓಡ್ತಾ ಸರಿಯಾಗುತ್ತೆ.’

ಸರಿಯಾಯಿತು. ಮರುದಿನ ನಸುಕಿಗೆ ಮೊದಲ ಕರು ಬಂತು, ನಾವು ಮತ್ತೆ ಕೊಟ್ಟಿಗೆಯಲ್ಲಿದ್ದೆವು. ಹೊಸ ಸೀಲು ಗೋಡೆಗೆ ಒಗ್ಗುವ ತನಕ, ಸಾವಿರಕ್ಕಿಂತ ಹೆಚ್ಚು ಕಿಲೋಮೀಟರನ್ನು ನಿಧಾನವಾಗಿ ಓಡಿಸಿದೆವು. ಲೂನಾಗೆ ಹಾಕುವಂತೆ ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತಿದ್ದೆವು, ಲೀಟರಿಗೆ ಐದು ಮಿಲಿ. 2020ರ ಜನವರಿಯಲ್ಲಿ ಮಾರಿದೆವು. ಲಾಭ ಬಂತು, ನಾವು ಹಾಕಿದ್ದ ಲೆಕ್ಕದ ಅರ್ಧದಷ್ಟೂ ಅಲ್ಲ. ಟಿಕೆಟ್ಟಿಗೆ ಸಾಕಾಗುತ್ತಿತ್ತು. ಆ ಜೂನಿಗೆ ಮೂವರಿಗೂ ಟಿಕೆಟ್ ತೆಗೆದೆವು.

ಮಾರ್ಚ್ 19ಕ್ಕೆ ನ್ಯೂಜಿಲೆಂಡ್ ತನ್ನ ಗಡಿ ಮುಚ್ಚಿತು. ಕೆಲಸದ ವೀಸಾದವರು ಹೊರಗೆ ಹೋದರೆ ಮರಳಿ ಬರುವಂತಿರಲಿಲ್ಲ. ಆ ಜೂನ್ ಹೋಯಿತು, ಅದರ ಮುಂದಿನ ಜೂನೂ ಹೋಯಿತು. ಎರಡನೇ ಅಲೆಯ ಹೊತ್ತಿನಲ್ಲಿ ಊರಿನಿಂದ ಫೋನ್ ಬಂದಾಗಲೆಲ್ಲ ಎತ್ತಲು ಹೆದರುತ್ತಿದ್ದೆವು. ಒಂದು ಜೂನನ್ನು ನಾವೇ ಕೈಯಾರೆ ಎಂಜಿನ್ನಿಗೆ ಕೊಟ್ಟದ್ದು ಆ ದಿನಗಳಲ್ಲಿ ಹೇಗೆ ಕೊರೆಯಿತು ಎಂದು ಬರೆಯಲು ಹೋದರೆ ಆಗುತ್ತಿಲ್ಲ.

ಊರು ಮುಟ್ಟಿದ್ದು 2022ರ ಜೂನ್‌ನಲ್ಲಿ. ಮಗಳಿಗೆ ಎಂಟು ವರ್ಷ. ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ, ಒಂದರ ಆಪರೇಷನ್ ಆಗಿತ್ತು. ಶೆಡ್ಡಿಗೆ ಬೀಗ. ಕೀಲಿ ಎಲ್ಲಿ ಎಂದು ಕೇಳಿದೆವು. ಮೊದಲ ಸಲ ಆ ಮನುಷ್ಯ ನಮ್ಮ ಕೈಗೆ ಕೀಲಿ ಕೊಟ್ಟು ಒಳಗೆ ಹೋಗಿ ಎಂದರು. ಹಾಳಾದ ಸೀಲನ್ನು ಬಿಸಾಡಬೇಡಿ ಎಂದು 2019ರಲ್ಲೇ ಹೇಳಿದ್ದರು. ಹಾರ್ಲಿಕ್ಸ್ ಬಾಟಲಿಯಲ್ಲಿ ಎಣ್ಣೆ ಹಚ್ಚಿ ಇಟ್ಟಿದ್ದ ಆರನ್ನೂ ತಂದಿದ್ದೆವು. ಕೈಚೀಲದಲ್ಲಿ ಬೇಡ ಅಂತ ದೊಡ್ಡ ಸೂಟ್‌ಕೇಸಿನಲ್ಲಿ, ಅಮ್ಮನ ಸೀರೆಯ ಮಡಿಕೆಯಲ್ಲಿ ಸುತ್ತಿ.

ಶೆಡ್ಡಿನ ಬಾಗಿಲ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂತು ಒಂದೊಂದಾಗಿ ತೆಗೆದುಕೊಂಡರು. ಕಣ್ಣಿನ ಹತ್ತಿರ ತರಲಿಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನ ಉದ್ದಕ್ಕೂ ಎಳೆದರು. ನಾಲ್ಕನೆಯದರಲ್ಲಿ ಉಗುರು ನಿಂತಿತು.

‘ಇಲ್ಲಿ’ ಅಂದರು.